ಮೊದಲ ಕ್ರೆಡಿಟ್ ಕಾರ್ಡ್ ಆರಿಸುವುದು ಹೇಗೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ದ್ವಿತೀಯ ಪಿಯುಸಿ ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರಿಗೆ ಇನ್ನು ಕೆಲವೇ ತಿಂಗಳಲ್ಲಿ 18 ವರ್ಷ ತುಂಬುತ್ತದೆ. ಆಗ ವೋಟರ್ ಐಡಿ ಮಾಡಿಸುತ್ತೇವೆ, ಡ್ರೈವಿಂಗ್ ಲೈಸೆನ್ಸ್ ಮಾಡಿಸುತ್ತೇವೆ. ಅದರ ಜೊತೆಗೆ ನಾವು ಕರೆಯದಿದ್ದರೂ ಬರುವ ಇನ್ನೊಂದು ವಿಷಯ ಕ್ರೆಡಿಟ್ ಕಾರ್ಡ್. ಡಿಗ್ರಿಗೆಂದು ಸಾಗರ, ಶಿವಮೊಗ್ಗಕ್ಕೆ ಹೋದ ಅಥವಾ ಕೆಲಸಕ್ಕೆಂದು ಬೆಂಗಳೂರು ಸೇರಿದ ನಮ್ಮ ಸೀನಿಯರ್‌ಗಳನ್ನು ಕೇಳಿ ನೋಡಿ. ಮೊದಲ ಸಂಬಳ ಖಾತೆಗೆ ಬಿದ್ದ ತಿಂಗಳೇ "ಸರ್, ನಿಮಗೊಂದು ಫ್ರೀ ಕಾರ್ಡ್ ಇದೆ" ಎಂಬ ಫೋನ್ ಶುರುವಾಗಿರುತ್ತದೆ. ಆಸೆಯಿಂದ ಅರ್ಜಿ ಹಾಕಿದರೆ ನಾಲ್ಕು ದಿನಕ್ಕೆ ಬರುವ ಉತ್ತರ: "ನಿಮಗೆ ಕ್ರೆಡಿಟ್ ಹಿಸ್ಟರಿ ಇಲ್ಲ, ಕಾರ್ಡ್ ಕೊಡಲು ಆಗುವುದಿಲ್ಲ."

ಯಾರಿಗೂ ಒಂದು ರೂಪಾಯಿ ಬಾಕಿ ಇಡದವನಿಗೆ ಏಕೆ ಹೀಗೆ? ಕಾರ್ಡ್ ಬೇಕೇ ಬೇಡವೇ, ಬೇಕಿದ್ದರೆ ಮೊದಲನೆಯದು ಯಾವುದಿರಬೇಕು? ಲೆಕ್ಕಶಾಸ್ತ್ರ ಓದುವವರಷ್ಟೇ ಅಲ್ಲ, ಕಲಾ ಮತ್ತು ವಿಜ್ಞಾನ ವಿಭಾಗದ ಗೆಳೆಯರೂ ತಿಳಿದಿರಬೇಕಾದ ವಿಷಯ ಇದು.

ಉದ್ರಿ ಪುಸ್ತಕ ಮತ್ತು ಸಿಬಿಲ್

ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಉದ್ದನೆಯ ಒಂದು ಉದ್ರಿ ಪುಸ್ತಕ ಇರುತ್ತದೆ. "ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡ್ ಹಾಕಿದ ಅಂಗಡಿಯಲ್ಲೂ ಇರುತ್ತದೆ! ಯಾರಿಗೆ ಎಷ್ಟು ಉದ್ರಿ ಕೊಡಬಹುದು ಎಂದು ಅಂಗಡಿಯವರು ಕಂಪ್ಯೂಟರ್ ನೋಡಿ ತೀರ್ಮಾನಿಸುವುದಿಲ್ಲ. ಇವನ ಅಜ್ಜ ಯಾರು, ತಂದೆ ಹೋದ ವರ್ಷದ ಬಾಕಿ ಯಾವಾಗ ತೀರಿಸಿದರು, ಈ ಸಲ ಅಡಿಕೆ ಎಷ್ಟು ಬಂದಿದೆ ಎಂಬುದೆಲ್ಲ ಅವರಿಗೆ ಗೊತ್ತು. ಆ ಗುರುತೇ ನಮ್ಮ ಕ್ರೆಡಿಟ್ ಹಿಸ್ಟರಿ.

ಬ್ಯಾಂಕಿಗೆ ಈ ಗುರುತು ಇಲ್ಲ. ಅದಕ್ಕಾಗಿ ಎಲ್ಲ ಬ್ಯಾಂಕುಗಳ ಉದ್ರಿ ಪುಸ್ತಕವನ್ನು ಒಂದು ಕಡೆ ಸೇರಿಸಿಡುವ ಸಂಸ್ಥೆಗಳು ಹುಟ್ಟಿಕೊಂಡವು. ಭಾರತದಲ್ಲಿ ಇಂಥ ಮೊದಲ ಸಂಸ್ಥೆ 2000ದಲ್ಲಿ ಸ್ಥಾಪನೆಯಾದ ಸಿಬಿಲ್. ಈಗ ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಸಂಸ್ಥೆಗಳಿವೆ. 2005ರಲ್ಲಿ ಇವುಗಳಿಗಾಗಿಯೇ ಒಂದು ಕಾಯ್ದೆ ಬಂತು. ರಿಸರ್ವ್ ಬ್ಯಾಂಕ್ ಇವುಗಳ ಮೇಲೆ ಕಣ್ಣಿಟ್ಟಿರುತ್ತದೆ.

ನಾವು ತೆಗೆದುಕೊಂಡ ಸಾಲ, ಕಟ್ಟಿದ ಕಂತು, ತಡವಾದ ದಿನಗಳು ಎಲ್ಲವನ್ನೂ ಬ್ಯಾಂಕುಗಳು ಈ ಸಂಸ್ಥೆಗಳಿಗೆ ಕಳಿಸುತ್ತವೆ. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದವು. 2025ರ ಜನವರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಎಂಬ ನಿಯಮ ಜಾರಿಗೆ ಬಂತು. ಈ ಮಾಹಿತಿಯಿಂದ 300ರಿಂದ 900ರ ನಡುವೆ ಒಂದು ಅಂಕ ಲೆಕ್ಕ ಹಾಕುತ್ತಾರೆ. ಅದೇ ಕ್ರೆಡಿಟ್ ಸ್ಕೋರ್. ಏನೂ ದಾಖಲೆ ಇಲ್ಲದವರ ಮುಂದೆ 'ಎನ್‌ಎಚ್' ಅಥವಾ ಮೈನಸ್ 1 ಎಂದು ತೋರಿಸುತ್ತದೆ. ಇದನ್ನು ನೋಡಿ ಹೆದರಬೇಕಿಲ್ಲ. ಪರೀಕ್ಷೆಯಲ್ಲಿ ಫೇಲ್ ಆಗುವುದು ಬೇರೆ, ಪರೀಕ್ಷೆಗೇ ಕೂರದಿರುವುದು ಬೇರೆ. ನಾವು ಎರಡನೆಯ ಸಾಲಿನವರು.

2025ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವೂ ಸಂಸತ್ತಿನಲ್ಲಿ ಇದನ್ನು ಸ್ಪಷ್ಟಪಡಿಸಿತು. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಹಿಸ್ಟರಿ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಹಾಗೆಂದು ಎಲ್ಲರಿಗೂ ಕಾರ್ಡ್ ಸಿಗುತ್ತದೆ ಎಂದಲ್ಲ. ಆದಾಯ, ಕೆಲಸ ಇತ್ಯಾದಿ ನೋಡಿ ಬ್ಯಾಂಕ್ ತಾನೇ ತೀರ್ಮಾನಿಸುತ್ತದೆ.

ನಮ್ಮ ಮನೆಗಳಲ್ಲಿ ಯಾರಿಗೆ ಹಿಸ್ಟರಿ ಇದೆ?

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ.

ಒಂದು, ಉಳಿತಾಯ ಮಾಡಿದವರಿಗೆ ಒಳ್ಳೆಯ ಸ್ಕೋರ್ ಇರುತ್ತದೆ ಎಂಬುದು. ನಮ್ಮ ರಾಜ್ಯದಲ್ಲಿ ಪಿಗ್ಮಿ ಗೊತ್ತಿಲ್ಲದ ಅಂಗಡಿ ಇಲ್ಲ. ಡಾ. ಟಿ.ಎಂ.ಎ. ಪೈ ಮತ್ತು ಗೆಳೆಯರು ಉಡುಪಿಯಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಸಹಕಾರ ಸಂಘಗಳಲ್ಲಿ ಇಂದಿಗೂ ನಡೆಯುತ್ತಿದೆ. ಆದರೆ ಇಪ್ಪತ್ತು ವರ್ಷ ತಪ್ಪದೆ ಪಿಗ್ಮಿ ಕಟ್ಟಿದರೂ, ಪಾಸ್‌ಬುಕ್ಕಿನಲ್ಲಿ ಎಷ್ಟೇ ಹಣ ಇದ್ದರೂ ಅದು ಸಿಬಿಲ್ ವರದಿಯಲ್ಲಿ ಕಾಣುವುದಿಲ್ಲ. ಅಲ್ಲಿ ಬರೆಯುವುದು ಸಾಲ ಮತ್ತು ಅದರ ಮರುಪಾವತಿಯನ್ನು ಮಾತ್ರ.

ಎರಡು, ಸ್ಕೋರ್ ಎಂಬುದು ಪೇಟೆಯ ನೌಕರರಿಗೆ ಸಂಬಂಧಿಸಿದ್ದು ಎಂಬುದು. ವಾಸ್ತವದಲ್ಲಿ ಎಷ್ಟೋ ಮನೆಗಳಲ್ಲಿ ಹಿಸ್ಟರಿ ಇರುವುದು ತಾಯಂದಿರಿಗೆ! ಮೈಕ್ರೋ ಫೈನಾನ್ಸ್ ಸಾಲ, ಚಿನ್ನದ ಮೇಲಿನ ಸಾಲ, ಫೈನಾನ್ಸ್‌ನಲ್ಲಿ ತೆಗೆದುಕೊಂಡ ಟಿವಿ, ಮೊಬೈಲ್ ಕಂತು ಎಲ್ಲವೂ ದಾಖಲಾಗುತ್ತವೆ. ನಮ್ಮ ಖಾಲಾ ವಾರದ ಕಂತಿನ ಸಂಘದಲ್ಲಿದ್ದಾರೆ. ತಮಗೆ ಸಿಬಿಲ್ ಏನೂ ಇಲ್ಲ ಎಂದೇ ತಿಳಿದಿದ್ದರು. ಮೊಬೈಲಿನಲ್ಲಿ ವರದಿ ತೆಗೆದು ನೋಡಿದಾಗ ಮೂರು ಸಾಲಗಳ ಲೆಕ್ಕ ಅದರಲ್ಲಿತ್ತು. ಎಲ್ಲವೂ ಸರಿಯಾಗಿ ಕಟ್ಟಿದ್ದೇ. ನಮ್ಮ ಮನೆಯಲ್ಲಿ ಮೊದಲ ಸ್ಕೋರ್ ಅವರದೇ ಎಂದು ಎಲ್ಲರೂ ನಕ್ಕೆವು. ಖಾಲಾಗೆ ಮಾತ್ರ ಖುಷಿಯಾಯಿತು.

ಕಾರ್ಡ್ ಯಾರಿಗೆ ಬೇಡ?

ಕಾರ್ಡ್ ಆರಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದಾಗಿ, 18 ತುಂಬದವರಿಗೆ ಕಾನೂನೇ ಬೇಡ ಎನ್ನುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಕರಾರು ಮೊದಲಿನಿಂದಲೇ ಅಸಿಂಧು ಎಂದು 1903ರಲ್ಲಿ ಮೊಹೋರಿ ಬೀಬಿ ಮತ್ತು ಧರ್ಮದಾಸ ಘೋಷ್ ಪ್ರಕರಣದಲ್ಲಿ ಪ್ರೀವಿ ಕೌನ್ಸಿಲ್ ಹೇಳಿತು. ಅಪ್ಪ ಅಮ್ಮನ ಕಾರ್ಡಿನ ಮೇಲೆ ಆ್ಯಡ್-ಆನ್ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಆದರೆ ಅದರ ಬಿಲ್ಲೂ ಹಿಸ್ಟರಿಯೂ ಮುಖ್ಯ ಕಾರ್ಡುದಾರರ ಹೆಸರಿಗೇ ಹೋಗುತ್ತದೆ.

ಎರಡನೆಯದಾಗಿ, ತಿಂಗಳ ಆದಾಯ ಇಲ್ಲದವರಿಗೆ ಕಾರ್ಡ್ ಅಪಾಯ. ಉಳವಿ ಸುತ್ತಿನ ನಮ್ಮ ಮನೆಗಳಿಗೆ ಹಣ ಬರುವುದು ಭತ್ತ, ಅಡಿಕೆ, ಶುಂಠಿ ಮಾರಿದಾಗ. ಅಂಗಡಿಯವರು "ಕೊಯ್ಲು ಮುಗಿಯಲಿ, ಕೊಡಿ" ಎಂದು ಕಾಯುತ್ತಾರೆ. ಮಳೆ ಹೆಚ್ಚಾಗಿ ಅಡಿಕೆಗೆ ಕೊಳೆ ಬಂತು ಎಂದರೆ ಅರ್ಥ ಮಾಡಿಕೊಳ್ಳುತ್ತಾರೆ. ಕಾರ್ಡಿನ ಬಿಲ್ಲಿಗೆ ಕೊಯ್ಲೂ ಗೊತ್ತಿಲ್ಲ, ಕೊಳೆಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಿಂಗಳ ಒಂದು ತಾರೀಖು ಮಾತ್ರ. ಆದ್ದರಿಂದ ತಿಂಗಳು ತಿಂಗಳು ಕೈಗೆ ಹಣ ಬರಲು ಶುರುವಾದ ಮೇಲೆಯೇ ಕಾರ್ಡಿನ ಯೋಚನೆ ಮಾಡುವುದು ಒಳ್ಳೆಯದು. ಡಿಗ್ರಿ ಓದುವಾಗ ಶಿಕ್ಷಣ ಸಾಲ ತೆಗೆದುಕೊಂಡರೆ ಅದೇ ನಮ್ಮ ಮೊದಲ ಹಿಸ್ಟರಿ ಆಗುತ್ತದೆ. ಅವಸರಪಡಬೇಕಾದ್ದೇನೂ ಇಲ್ಲ.

ಮೂರನೆಯದು ನಮ್ಮ ಕಾಲೇಜಿನಲ್ಲಿ ಯಾರಾದರೂ ಕೇಳಿಯೇ ಕೇಳುವ ಪ್ರಶ್ನೆ: ಬಡ್ಡಿ. ಇಸ್ಲಾಮಿನಲ್ಲಿ ಬಡ್ಡಿ ಕೊಡುವುದೂ ಪಡೆಯುವುದೂ ನಿಷಿದ್ಧ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಕಾರ್ಡಿನಲ್ಲಿ ಬಡ್ಡಿ ಬೀಳುವುದಿಲ್ಲ. ಆದರೆ ತಡವಾದರೆ ಬಡ್ಡಿ ಕೊಡುತ್ತೇನೆ ಎಂಬ ಷರತ್ತಿಗೆ ನಾವು ಸಹಿ ಹಾಕಿರುತ್ತೇವೆ. ಹೀಗಾಗಿ ಆ ಕರಾರೇ ಬೇಡ ಎನ್ನುವ ಆಲಿಮರಿದ್ದಾರೆ, ಬಡ್ಡಿ ಬೀಳದಂತೆ ಬಳಸುವುದಾದರೆ ಅಗತ್ಯಕ್ಕೆ ಬಳಸಬಹುದು ಎನ್ನುವವರೂ ಇದ್ದಾರೆ. ಮುಂದೆ ಹೇಳುವ ಎಫ್‌ಡಿ ಕಾರ್ಡಿನಲ್ಲಿ ಠೇವಣಿಗೆ ಬ್ಯಾಂಕ್ ಕೊಡುವ ಬಡ್ಡಿಯ ಪ್ರಶ್ನೆಯೂ ಇದೆ. ಇದನ್ನು ತೀರ್ಮಾನಿಸುವುದು ನನ್ನಂಥ ವಿದ್ಯಾರ್ಥಿಯ ಕೆಲಸವಲ್ಲ. ಮನೆಯ ಹಿರಿಯರನ್ನೂ ತಿಳಿದ ಆಲಿಮರನ್ನೂ ಕೇಳಿ. ಬೇಡ ಎಂದು ನಿರ್ಧರಿಸಿದರೆ ಡೆಬಿಟ್ ಕಾರ್ಡ್ ಮತ್ತು ಯುಪಿಐನಲ್ಲಿ ನಮ್ಮ ದಿನನಿತ್ಯದ ವ್ಯವಹಾರ ನಡೆದೇ ನಡೆಯುತ್ತದೆ. ಒಂದು ಮಾತು ಮಾತ್ರ ಯಾವ ಧರ್ಮದ ಗೆಳೆಯರಿಗೂ ಸಮಾನ: ಬಡ್ಡಿ ಕಟ್ಟುತ್ತಾ ಬಳಸುವ ಕಾರ್ಡ್ ಯಾರಿಗೂ ಲಾಭವಲ್ಲ. ಲೆಕ್ಕ ನೋಡೋಣ.

ಮಿನಿಮಮ್ ಡ್ಯೂ ಎಂಬ ಬಲೆ

ನಮ್ಮ ಬಿಲ್ ತಯಾರಾಗುವ ದಿನ ಪ್ರತಿ ತಿಂಗಳ 5, ಹಣ ಕಟ್ಟಲು ಕೊನೆಯ ದಿನ 25 ಎಂದುಕೊಳ್ಳಿ. ಜುಲೈ 6ರಂದು ಕೊಂಡ ವಸ್ತು ಆಗಸ್ಟ್ 5ರ ಬಿಲ್ಲಿಗೆ ಬರುತ್ತದೆ. ಕಟ್ಟಲು ಆಗಸ್ಟ್ 25ರವರೆಗೆ, ಅಂದರೆ 50 ದಿನ ಸಮಯ ಸಿಕ್ಕಿತು. ಅದೇ ವಸ್ತುವನ್ನು ಆಗಸ್ಟ್ 4ರಂದು ಕೊಂಡರೆ ಸಿಗುವುದು 21 ದಿನ ಮಾತ್ರ. "50 ದಿನ ಬಡ್ಡಿ ಇಲ್ಲ" ಎಂಬ ಜಾಹೀರಾತಿನ ಅರ್ಥ ಇಷ್ಟೇ.

ಈಗ ಬಿಲ್ ₹8,000 ಬಂದಿದೆ. ಅದರ ಕೆಳಗೆ "ಮಿನಿಮಮ್ ಅಮೌಂಟ್ ಡ್ಯೂ ₹400" ಎಂದು ಬರೆದಿರುತ್ತದೆ. ಅಬ್ಬಾ, ನಾನೂರು ಕಟ್ಟಿದರೆ ಸಾಕಲ್ಲ ಎಂದುಕೊಳ್ಳುತ್ತೇವೆ. ಬಾಕಿ ₹7,600 ಮೇಲೆ ತಿಂಗಳಿಗೆ ಶೇ 3.5 ಬಡ್ಡಿ ಎಂದರೆ ₹266. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು ₹48. ಒಟ್ಟು ₹314. ಮುಂದಿನ ತಿಂಗಳು ಹೊಸದಾಗಿ ಏನೂ ಕೊಳ್ಳದಿದ್ದರೂ ಬಾಕಿ ₹7,914. ಕಟ್ಟಿದ್ದು ₹400, ಸಾಲ ಇಳಿದದ್ದು ₹86! ಇದು ಸರಳ ಮಾಡಿದ ಲೆಕ್ಕ. ನಿಜವಾದ ಬಿಲ್ಲಿನಲ್ಲಿ ವಸ್ತು ಕೊಂಡ ದಿನದಿಂದಲೇ ಬಡ್ಡಿ ಹಾಕುವುದರಿಂದ ಮೊತ್ತ ಇನ್ನೂ ಸ್ವಲ್ಪ ಹೆಚ್ಚು.

ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಬಡ್ಡಿಗೆ ಬಡ್ಡಿ ಸೇರಿದರೆ ಶೇ 51. ಹಳೆ ಬಾಕಿ ಇದ್ದಾಗ ಹೊಸ ಖರೀದಿಗೆ 50 ದಿನದ ರಿಯಾಯಿತಿಯೂ ಸಿಗುವುದಿಲ್ಲ. ಕಾರ್ಡ್ ಹಾಕಿ ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕವೂ ಇದೆ, ತೆಗೆದ ದಿನದಿಂದಲೇ ಬಡ್ಡಿಯೂ ಇದೆ. ಆದ್ದರಿಂದ ಮಿನಿಮಮ್ ಎಂಬ ಸಾಲನ್ನು ಬಿಲ್ಲಿನಲ್ಲಿ ಇಲ್ಲವೆಂದೇ ತಿಳಿಯಿರಿ. ಟೋಟಲ್ ಡ್ಯೂ ಒಂದೇ ನಮ್ಮ ಲೆಕ್ಕ.

ಮೊದಲ ಕಾರ್ಡ್ ಯಾವುದಿರಬೇಕು?

ನಮ್ಮ ಭಾಯಿಜಾನ್ ಒಬ್ಬರು ಬೆಂಗಳೂರಿನಲ್ಲಿ ಎಸಿ ರಿಪೇರಿ ಕೆಲಸ ಮಾಡುತ್ತಾರೆ. ಕೆಲಸ ಸೇರಿದ ಹೊಸದರಲ್ಲಿ ಒಂದೇ ವಾರ ಮೂರು ಕಡೆ ಕಾರ್ಡಿಗೆ ಅರ್ಜಿ ಹಾಕಿದರು. ಮೂರೂ ಕಡೆ ಇಲ್ಲ ಎಂದರು. ನಾವು ಅರ್ಜಿ ಹಾಕಿದಾಗಲೆಲ್ಲ ಆ ಬ್ಯಾಂಕ್ ನಮ್ಮ ವರದಿ ನೋಡುತ್ತದೆ, ನೋಡಿದ್ದೂ ವರದಿಯಲ್ಲಿ ದಾಖಲಾಗುತ್ತದೆ. ಸಾಲುಸಾಲಾಗಿ ಕೇಳಿದವರನ್ನು ಕಂಡರೆ ಮುಂದಿನ ಬ್ಯಾಂಕಿಗೆ ಇವನಿಗೆ ಹಣದ ಅಡಚಣೆ ಇದೆ ಎಂಬ ಅನುಮಾನ. ಕೊನೆಗೆ ಅವರು ಸಂಬಳ ಬರುವ ಬ್ಯಾಂಕಿನಲ್ಲೇ ₹15,000 ಎಫ್‌ಡಿ ಇಟ್ಟು, ಅದರ ಮೇಲೆ ₹12,000 ಲಿಮಿಟ್‌ನ ಕಾರ್ಡ್ ಪಡೆದರು. ತಿಂಗಳಿಗೊಮ್ಮೆ ಫೋನ್ ರೀಚಾರ್ಜ್, ಬೈಕಿನ ಪೆಟ್ರೋಲ್ ಇಷ್ಟಕ್ಕೇ ಬಳಸಿದರು. ಒಂದು ವರ್ಷ ಆದ ಮೇಲೆ ಅದೇ ಬ್ಯಾಂಕ್ ತಾನಾಗಿಯೇ ಎಫ್‌ಡಿ ಇಲ್ಲದ ಕಾರ್ಡ್ ಕೊಡುತ್ತೇನೆಂದಿತು.

ಇವರ ಅನುಭವದಿಂದಲೂ ಓದಿ ತಿಳಿದದ್ದರಿಂದಲೂ ಮೊದಲ ಕಾರ್ಡಿಗೆ ಈ ಕ್ರಮ ಅನುಸರಿಸಬಹುದು.

1. ಖಾತೆ ಇರುವ ಬ್ಯಾಂಕಿನಲ್ಲಿ ಮೊದಲು ಕೇಳಿ. ನಮ್ಮ ಖಾತೆಗೆ ಬರುವ ಹೋಗುವ ಹಣ ಅವರಿಗೆ ಕಾಣುತ್ತದೆ. ಸಿಬಿಲ್‌ನಲ್ಲಿ ಇಲ್ಲದ ನಮ್ಮ ಗುರುತು ಅವರ ಬಳಿ ಸ್ವಲ್ಪವಾದರೂ ಇರುತ್ತದೆ.

2. ಇಲ್ಲವೆಂದರೆ ಎಫ್‌ಡಿ ಮೇಲಿನ ಕಾರ್ಡ್ ಕೇಳಿ. ಹಲವು ಬ್ಯಾಂಕುಗಳಲ್ಲಿ ಇದು ಇದೆ. ಠೇವಣಿಯ ಶೇ 75ರಿಂದ 90ರಷ್ಟು ಸಾಮಾನ್ಯವಾಗಿ ಲಿಮಿಟ್ ಸಿಗುತ್ತದೆ. ಹಣ ಕಟ್ಟದಿದ್ದರೆ ಬ್ಯಾಂಕ್ ಎಫ್‌ಡಿಯಿಂದ ಹಿಡಿದುಕೊಳ್ಳುತ್ತದೆ. ಕಾರ್ಡ್ ಇರುವವರೆಗೆ ಎಫ್‌ಡಿ ಮುರಿಯಲು ಬರುವುದಿಲ್ಲ. ಆದ್ದರಿಂದ ತುರ್ತಿಗೆ ಬೇಕಾಗುವ ಹಣವನ್ನು ಇದರಲ್ಲಿ ಇಡಬೇಡಿ. ಪಿಗ್ಮಿಗೆ ಹಿಸ್ಟರಿ ಇಲ್ಲ ಎಂದೆನಲ್ಲ, ಪಿಗ್ಮಿಯಲ್ಲಿ ಕೂಡಿಟ್ಟ ಹಣವನ್ನು ಹೀಗೆ ಹಿಸ್ಟರಿ ಕಟ್ಟಲು ಬಳಸಬಹುದು.

3. ವಾರ್ಷಿಕ ಶುಲ್ಕ ಇಲ್ಲದ್ದನ್ನೇ ಆರಿಸಿ. ಶುಲ್ಕ ₹500 ಎಂದರೆ ಜಿಎಸ್‌ಟಿ ಸೇರಿ ₹590. ಖರ್ಚಿನ ಶೇ 1 ರಿವಾರ್ಡ್ ಸಿಗುತ್ತದೆ ಎಂದಿಟ್ಟುಕೊಂಡರೆ ಆ ಶುಲ್ಕ ಹಿಂದೆ ಬರಲು ವರ್ಷಕ್ಕೆ ₹59,000 ಖರ್ಚು ಮಾಡಬೇಕು! ತಿಂಗಳಿಗೆ ₹3,000 ಬಳಸುವವರಿಗೆ ಸಿಗುವುದು ₹360. "ಮೊದಲ ವರ್ಷ ಫ್ರೀ" ಮತ್ತು "ಲೈಫ್‌ಟೈಮ್ ಫ್ರೀ" ಬೇರೆ ಬೇರೆ ಎಂಬುದನ್ನೂ ಗಮನಿಸಿ. ಏರ್‌ಪೋರ್ಟ್ ಲೌಂಜ್, ಸಿನಿಮಾ ಟಿಕೆಟ್ ಇತ್ಯಾದಿಗಳನ್ನು ನೋಡಿ ಮೊದಲ ಕಾರ್ಡ್ ಆರಿಸಬೇಡಿ.

4. ನಮ್ಮೂರಲ್ಲಿ ನಡೆಯುವ ಕಾರ್ಡ್ ತೆಗೆದುಕೊಳ್ಳಿ. ಚಿಕ್ಕ ಅಂಗಡಿಗಳಲ್ಲಿ ಸ್ವೈಪ್ ಮಿಷನ್ ಇರುವುದಿಲ್ಲ, ಕ್ಯೂಆರ್ ಕೋಡ್ ಇರುತ್ತದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಅನುಮತಿ ಕೊಟ್ಟಿದೆ. ಅಂಗಡಿಗೆ ಕೊಡಬಹುದು, ಗೆಳೆಯರ ಖಾತೆಗೆ ಕಳಿಸಲು ಆಗುವುದಿಲ್ಲ. ಅದೂ ಒಳ್ಳೆಯದೇ.

5. ಸಹಿ ಹಾಕುವ ಮೊದಲು ಮುಖ್ಯ ಷರತ್ತುಗಳ ಹಾಳೆ ಕೇಳಿ ಓದಿ. ತಿಂಗಳ ಬಡ್ಡಿ ಎಷ್ಟು, ತಡವಾದರೆ ದಂಡ ಎಷ್ಟು, ವಾರ್ಷಿಕ ಶುಲ್ಕ ಎಷ್ಟು, ಎಫ್‌ಡಿ ಯಾವಾಗ ಬಿಡಿಸಿಕೊಳ್ಳಬಹುದು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಸಹಿ.

ಬಂದ ಮೇಲೆ

ಲಿಮಿಟ್ ₹12,000 ಇದ್ದರೆ ಅಷ್ಟೂ ಖರ್ಚು ಮಾಡಬೇಕೆಂದಿಲ್ಲ. ಶೇ 30ರೊಳಗೆ, ಅಂದರೆ ₹3,600ರೊಳಗೆ ಬಳಸಿದರೆ ಸ್ಕೋರಿಗೆ ಒಳ್ಳೆಯದು ಎಂಬುದು ಸಾಮಾನ್ಯ ಸಲಹೆ. ಗಡುವಿನ ನಾಲ್ಕು ದಿನ ಮೊದಲೇ ಪೂರ್ತಿ ಕಟ್ಟಿ, ಅಥವಾ ಖಾತೆಯಿಂದ ಪೂರ್ತಿ ಮೊತ್ತ ತಾನೇ ಹೋಗುವಂತೆ ಆಟೋ ಪೇ ಮಾಡಿಸಿ. ಸಿಬಿಲ್ ವರದಿಯಲ್ಲಿ ಹಿಂದಿನ 36 ತಿಂಗಳು ಎಷ್ಟೆಷ್ಟು ದಿನ ತಡವಾಯಿತು ಎಂದು ತಿಂಗಳುವಾರು ಕಾಣುತ್ತದೆ. ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಂಡಿರುತ್ತಾರೆ. ಹತ್ತೊಂಬತ್ತರಲ್ಲಿ ಮರೆತ ₹400 ಇಪ್ಪತ್ತೈದರಲ್ಲಿ ಅಂಗಡಿ ಹಾಕಲು ಸಾಲ ಕೇಳಿದಾಗ ಎದುರು ಬರಬಹುದು. ಮೊಬೈಲ್ ಆ್ಯಪ್‌ಗಳ "ಈಗ ಕೊಳ್ಳಿ, ಆಮೇಲೆ ಕೊಡಿ" ಕೂಡ ಸಾಲವೇ, ಅದೂ ದಾಖಲಾಗುತ್ತದೆ.

ಇನ್ನೊಂದು ಎಚ್ಚರಿಕೆ. "ನಿನ್ನ ಕಾರ್ಡಿನಲ್ಲಿ ಒಂದು ಫೋನ್ ತೆಗೆದುಕೊಡು, ತಿಂಗಳು ತಿಂಗಳು ನಿನಗೆ ಕೊಡ್ತೀನಿ" ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳುವವರು ಆಪ್ತರೇ ಆಗಿರುತ್ತಾರೆ, ಇಲ್ಲ ಎನ್ನುವುದು ಕಷ್ಟ. ಆದರೆ ಅವರು ಕೊಡದಿದ್ದರೆ ವರದಿಯಲ್ಲಿ ಬರುವುದು ನಮ್ಮ ಹೆಸರು. ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕು ಎಂಬ ವಿಷಯದ ಮೇಲೆಯೇ ಕುರ್‌ಆನಿನ ಅತಿ ಉದ್ದದ ಆಯತ್ ಇದೆ, ಸೂರಃ ಅಲ್-ಬಕರಾದ 282ನೆಯದು. ಆಪ್ತರ ನಡುವೆಯೂ ಲೆಕ್ಕ ಲೆಕ್ಕವೇ.

ನಮ್ಮ ಹಕ್ಕುಗಳು

ಕಾರ್ಡುಗಳ ಬಗ್ಗೆ 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನಗಳು ಗ್ರಾಹಕರಿಗೆ ಒಳ್ಳೆಯ ರಕ್ಷಣೆ ಕೊಟ್ಟಿವೆ.

ನಾವು ಕೇಳದೆ ಕಾರ್ಡ್ ಕಳಿಸುವಂತಿಲ್ಲ. ಕಳಿಸಿ ಶುಲ್ಕ ಹಾಕಿದರೆ ಅದನ್ನು ರದ್ದು ಮಾಡಿ, ಅದರ ಎರಡರಷ್ಟು ದಂಡವನ್ನು ನಮಗೆ ಕೊಡಬೇಕು. ಬಾಕಿ ಇಲ್ಲದ ಕಾರ್ಡ್ ಮುಚ್ಚಲು ಕೇಳಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ ₹500 ದಂಡ. ಗಡುವು ಮೀರಿ ಮೂರು ದಿನ ದಾಟಿದ ಮೇಲೆಯೇ ತಡಪಾವತಿ ದಂಡ ಹಾಕಬಹುದು. ನಾಲ್ಕೂ ಕ್ರೆಡಿಟ್ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕೂ ನಮಗಿದೆ. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಕಡಿಮೆಯಾಗುವುದಿಲ್ಲ. ತಪ್ಪು ಕಂಡರೆ ತಿದ್ದಿಸಬಹುದು. ಬ್ಯಾಂಕ್ 30 ದಿನದಲ್ಲಿ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

ಕಾರ್ಡ್ ಕೊಡಿಸುತ್ತೇವೆ, ಲಿಮಿಟ್ ಹೆಚ್ಚಿಸುತ್ತೇವೆ ಎಂದು ಫೋನಿನಲ್ಲಿ ಒಟಿಪಿ ಕೇಳುವವರು ಬ್ಯಾಂಕಿನವರಲ್ಲ. ಹಣ ಹೋದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ.

ಗೆಳೆಯರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಮಗೆ ಇನ್ನೂ ಕಾರ್ಡ್ ತೆಗೆದುಕೊಳ್ಳುವ ವಯಸ್ಸಾಗಿಲ್ಲ, ಆದರೆ ವರದಿ ಓದಲು ವಯಸ್ಸಿನ ಅಡ್ಡಿ ಇಲ್ಲ. ಮನೆಯಲ್ಲಿ ಅಮ್ಮ, ಅಪ್ಪ ಒಪ್ಪಿದರೆ ಅವರ ಪಕ್ಕದಲ್ಲೇ ಕುಳಿತು ಅವರ ಉಚಿತ ಕ್ರೆಡಿಟ್ ವರದಿ ತೆಗೆಸಿ, ಸಾಲುಸಾಲಾಗಿ ಓದಿ ಹೇಳಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದೆಯೇ, ತಾವು ತೆಗೆದುಕೊಳ್ಳದ ಸಾಲ ಅವರ ಹೆಸರಿನಲ್ಲಿ ಇದೆಯೇ ಎಂದು ನೋಡಿ. ಹಾಗೇನಾದರೂ ಕಂಡರೆ ಆ ಹಾಳೆ ಪ್ರಿಂಟ್ ತೆಗೆದುಕೊಂಡು ಬ್ಯಾಂಕಿಗೆ ಅವರ ಜೊತೆ ನೀವೂ ಹೋಗಿ.